ಒಂದೇ ಸ್ಟೇಷನ್, ಎಫ್‌ಎಂನಲ್ಲಿ ಒಂಥರಾ, ನೆಟ್‌ನಲ್ಲಿ ಇನ್ನೊಂಥರಾ ಕೇಳಿಸುತ್ತೆ. ಯಾಕೆ?

ರಾತ್ರಿಪಾಳಿ ಕೇಳುಗ:

ನನ್ನ ಹತ್ತಿರ ಹಳೇ ಎಫ್‌ಎಂ ಟ್ಯೂನರ್ ಒಂದಿದೆ. ಆಂಪ್ಲಿಫೈಯರ್‌ಗೆ ವೈರ್ ಹಾಕಿ ಕೇಳುತ್ತೇನೆ. ಅದೇ ಆಂಪ್ಲಿಫೈಯರ್‌ಗೆ ಫೋನನ್ನು ಬ್ಲೂಟೂತ್‌ನಲ್ಲಿ ಸೇರಿಸಿ, ಅದೇ ಸ್ಟೇಷನ್ನಿನ ಆ್ಯಪ್ ಕೂಡ ಹಾಕುತ್ತೇನೆ. ಎಫ್‌ಎಂನಲ್ಲಿ ಹಿಂದೆ ಸಣ್ಣಗೆ ಸುಯ್ ಅಂತ ಇದ್ದೇ ಇರುತ್ತದೆ. ಆ್ಯಪ್‌ನಲ್ಲಿ ಅದಿಲ್ಲ, ಪೂರ್ತಿ ಕ್ಲೀನ್. ಆದರೂ ವಿಚಿತ್ರ ಅಂದರೆ, ಸ್ವಲ್ಪ ಹೊತ್ತು ಕೇಳಿದ ಮೇಲೆ ಕಿವಿಗೆ ಸಾಕಾಗುವುದು ಆ್ಯಪ್ಪೇ. ಲೈವ್ ಕಛೇರಿ ಮುಗಿದು ಜನ ಚಪ್ಪಾಳೆ ತಟ್ಟಿದರೆ ನೀರೊಳಗೆ ಮುಳುಗಿ ಕೇಳಿಸಿಕೊಂಡ ಹಾಗಿರುತ್ತದೆ. ಸಿಂಬಲ್ ಹೊಡೆದರೂ ಅದೇ ಕಥೆ.

ಆ್ಯಪ್‌ನಲ್ಲಿ '64 ಕೆಬಿಪಿಎಸ್, ಎಎಸಿ ಪ್ಲಸ್' ಅಂತ ತೋರಿಸುತ್ತದೆ. ಡಿಜಿಟಲ್ ಅಂದ ಮೇಲೆ ಎಫ್‌ಎಂಗಿಂತ ಚೆನ್ನಾಗೇ ಇರಬೇಕು, ಮಿಕ್ಕಿದ್ದೆಲ್ಲ ನಿನ್ನ ಭ್ರಮೆ ಅಂತಾನೆ ನನ್ನ ಗೆಳೆಯ. ನಿಜವಾಗಲೂ ಭ್ರಮೆನಾ?

ಬಫರಿಂಗ್ ಭೂತ:

64ರಲ್ಲಿ ಇನ್ನೇನು ನಿರೀಕ್ಷೆ ಗುರು? 128ಕ್ಕೆ ಹಾಕಿ, ಮುಗೀತು. ಎಫ್‌ಎಂ ಚೆನ್ನಾಗಿದೆ ಅನ್ನೋದೆಲ್ಲ ಸುಮ್ನೆ ಹಳೇದರ ಮೇಲಿನ ಮೋಹ.

ಮಾಜಿ ಕಂಟ್ರೋಲ್ ರೂಮ್:

ಭ್ರಮೆ ಅಲ್ಲ, ಬರೀ ಮೋಹವೂ ಅಲ್ಲ. ನಾನು ವರ್ಷಗಟ್ಟಲೆ ರೇಡಿಯೋ ಸ್ಟೇಷನ್ನಿನ ತಾಂತ್ರಿಕ ವಿಭಾಗದಲ್ಲಿದ್ದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಆ 64ರ ವಿಚಾರ. ಅದು ಸೆಕೆಂಡಿಗೆ ಎಷ್ಟು ಕಿಲೋಬಿಟ್ ಡೇಟಾ ಬರುತ್ತೆ ಅನ್ನೋ ಲೆಕ್ಕ, ಬಿಟ್‌ರೇಟ್ ಅಂತಾರೆ. ಎಎಸಿ ಪ್ಲಸ್ ಅನ್ನೋದು ಶಬ್ದವನ್ನು ಹಿಂಡಿ ಚಿಕ್ಕದು ಮಾಡುವ ಒಂದು ವಿಧಾನ, ಅಂದರೆ ಕೋಡೆಕ್. ಅದು ಅಷ್ಟು ಕಡಿಮೆ ಡೇಟಾದಲ್ಲಿ ಅಷ್ಟು ಚೆನ್ನಾಗಿ ಕೇಳಿಸೋದಕ್ಕೆ ಕಾರಣ, ಮೇಲಿನ ಸ್ವರಗಳನ್ನು ಅದು ನೇರವಾಗಿ ಕಳಿಸುವುದೇ ಇಲ್ಲ. ಕೆಳಗಿನ ಭಾಗ ಮಾತ್ರ ಬರುತ್ತದೆ. ಮೇಲಿನದು ಹೆಚ್ಚುಕಮ್ಮಿ ಹೇಗಿತ್ತು ಅಂತ ಜೊತೆಗೊಂದು ಪುಟ್ಟ ಟಿಪ್ಪಣಿ ಬರುತ್ತದೆ. ನಿಮ್ಮ ಫೋನು ಕೆಳಗಿನ ಶಬ್ದವನ್ನೇ ನಕಲು ಮಾಡಿ, ಮೇಲಕ್ಕೆ ಅಂಟಿಸಿ, ಟಿಪ್ಪಣಿ ನೋಡಿಕೊಂಡು ತಿದ್ದುತ್ತದೆ. ಮಾತಿಗೆ ಇದು ಧಾರಾಳ ಆಯ್ತು. ಆದರೆ ಸಿಂಬಲ್‌ನ ಜೀವ ಇರೋದೇ ಮೇಲ್ಗಡೆ. ಚಪ್ಪಾಳೆ ಅಂದರೆ ನೂರಾರು ಚಿಕ್ಕ ಚಿಕ್ಕ ಏಟುಗಳು, ಒಂದಕ್ಕೊಂದು ಸಂಬಂಧ ಇಲ್ಲದವು. ಅದನ್ನು ಹಿಂಡಿ ಚಿಕ್ಕದು ಮಾಡೋದು ಯಾವ ಕೋಡೆಕ್‌ಗೂ ಕಷ್ಟ. ನಿಮ್ಮ ಕಿವಿ ಸರಿಯಾದ ಜಾಗದಲ್ಲೇ ಹಿಡಿದಿದೆ.

ಎಫ್‌ಎಂ 15 ಕಿಲೋಹರ್ಟ್ಸ್‌ವರೆಗೆ ನಿಜವಾದ ಶಬ್ದವನ್ನೇ ಕಳಿಸುತ್ತದೆ. ವಯಸ್ಸಾದಂತೆ ನಮ್ಮಲ್ಲಿ ಬಹಳ ಜನಕ್ಕೆ ಅದರಾಚೆಗಿನದು ಕೇಳಿಸುವುದೇ ಇಲ್ಲ, ಹಾಗಾಗಿ ದೊಡ್ಡ ನಷ್ಟ ಏನಲ್ಲ. ಎಫ್‌ಎಂನ ರೋಗ ಬೇರೆ, ಆ ಸುಯ್. ಎಡ ಬಲ ಎರಡೂ ಸೇರಿದ ಶಬ್ದ ಕೆಳಗೆ ಕೂತಿರುತ್ತದೆ, ಎರಡರ ವ್ಯತ್ಯಾಸ ಮಾತ್ರ 38 ಕಿಲೋಹರ್ಟ್ಸ್‌ನ ಆಚೀಚೆ ಮೇಲೆ ಹೋಗುತ್ತದೆ. ಎಫ್‌ಎಂನಲ್ಲಿ ಮೇಲೆ ಹೋದಷ್ಟೂ ಗದ್ದಲ ಜಾಸ್ತಿ. ಹಾಗಾಗಿ ಸ್ಟೀರಿಯೋ ಅಂದ ತಕ್ಷಣ ಆ ಗದ್ದಲವೂ ಒಳಗೆ ಬರುತ್ತದೆ. ಟ್ಯೂನರ್‌ನಲ್ಲಿ ಮೋನೋ ಬಟನ್ ಒತ್ತಿ ನೋಡಿ, ಸುಯ್ ಎಷ್ಟು ಇಳಿಯುತ್ತೆ ಅಂತ.

ಇನ್ನು ಯಾರೂ ಮಾತಾಡದ ವಿಷಯಕ್ಕೆ ಬರ್ತೀನಿ. ಒಂದೇ ಸ್ಟೇಷನ್ ಎರಡು ಕಡೆ ಬೇರೆ ಬೇರೆ ಕೇಳಿಸೋದಕ್ಕೆ ಬಿಟ್‌ರೇಟ್‌ಗಿಂತ ದೊಡ್ಡ ಕಾರಣ ಎಷ್ಟೋ ಸಲ ಪ್ರೊಸೆಸರ್ ಅನ್ನೋ ಪೆಟ್ಟಿಗೆ. ಸ್ಟುಡಿಯೋಗೂ ಟ್ರಾನ್ಸ್‌ಮಿಟರ್‌ಗೂ ನಡುವೆ ಕೂತಿರುತ್ತದೆ. ಎಫ್‌ಎಂ ಸಿಗ್ನಲ್ ಆಚೀಚೆ 75 ಕಿಲೋಹರ್ಟ್ಸ್‌ಗಿಂತ ಹೆಚ್ಚು ಓಲಾಡುವ ಹಾಗಿಲ್ಲ, ಅದಕ್ಕೆ ಶಬ್ದಕ್ಕೊಂದು ಮಿತಿ ಹಾಕಲೇಬೇಕು. ಅಷ್ಟಕ್ಕೇ ನಿಲ್ಲಿಸಿದರೆ ಸಂತೋಷ. ಆದರೆ ಪಕ್ಕದ ಸ್ಟೇಷನ್ನಿಗಿಂತ ನಮ್ಮದು ಜೋರಾಗಿ ಕೇಳಿಸಲಿ ಅಂತ ಮೆಲ್ಲಗಿನದನ್ನೆಲ್ಲ ಎತ್ತಿ, ಜೋರಾಗಿರೋದನ್ನೆಲ್ಲ ಅಮುಕಿ, ಒಂದೇ ಮಟ್ಟ ಮಾಡಿಬಿಡುತ್ತಾರೆ.

ನಮ್ಮ ರೂಮಿನಲ್ಲಿ ಹೆಡ್‌ಫೋನ್‌ಗೆ ಮೂರು ಗುಂಡಿ ಇದ್ದವು: ಸ್ಟುಡಿಯೋ, ಏರ್ (ಎಫ್‌ಎಂನಲ್ಲಿ ಹೋಗೋದು), ಸ್ಟ್ರೀಮ್ (ನೆಟ್‌ಗೆ ಹೋಗೋದು). ಒಬ್ಬ ಗಾಯಕಿ ಸಾಲಿನ ಮಧ್ಯೆ ಉಸಿರು ಎಳೆದುಕೊಳ್ಳುವ ಜಾಗ ಕೇಳಿ. ಸ್ಟುಡಿಯೋ ಗುಂಡಿಯಲ್ಲಿ ಆ ಉಸಿರು ಇದೆಯೋ ಇಲ್ಲವೋ ಅನ್ನುವಷ್ಟು. ಏರ್ ಒತ್ತಿದರೆ ಉಸಿರೂ ಹಾಡಿನಷ್ಟೇ ಗಟ್ಟಿ! ಹಾಡು ನಿಂತ ಕೂಡಲೇ ಪ್ರೊಸೆಸರ್ ವಾಲ್ಯೂಮ್ ಮೇಲೆತ್ತುತ್ತದಲ್ಲ, ಅದಕ್ಕೆ. ಸ್ಟ್ರೀಮ್ ಒತ್ತಿದರೂ ಅದೇ ಉಸಿರು. ಯಾಕಂದ್ರೆ ಎಫ್‌ಎಂಗೆ ಅಂತ ಅರೆದ ಶಬ್ದವನ್ನೇ ನೆಟ್‌ಗೂ ಎಳೆದಿದ್ದರು, ಬೇರೆ ಪೆಟ್ಟಿಗೆ ಯಾಕೆ ಖರ್ಚು ಅಂತ. ಹೀಗೆ ಮಿತಿ ದಾಟಿದ ತುದಿಗಳ ತಲೆ ಕತ್ತರಿಸಿದ ಶಬ್ದದಲ್ಲಿ ಹೊಸದಾಗಿ ಕರ್ಕಶ ಹುಟ್ಟುತ್ತದೆ. ಕೋಡೆಕ್ ಪಾಪ ಅದನ್ನೂ ಸಂಗೀತ ಅಂತಲೇ ನಂಬಿ, ಇರೋ ಚೂರು ಬಿಟ್‌ಗಳನ್ನು ಅದಕ್ಕೆ ಸುರಿಯುತ್ತದೆ. ನೆಟ್‌ಗೆ ಬೇರೆ ಪ್ರೊಸೆಸರ್ ಇಟ್ಟು ಹಗುರವಾಗಿ ನಡೆಸುವ ಸ್ಟೇಷನ್ನಿನಲ್ಲಿ 128ರ ಸ್ಟ್ರೀಮ್ ಎಫ್‌ಎಂ ಅನ್ನು ಆರಾಮಾಗಿ ಸೋಲಿಸುತ್ತದೆ. ಹೀಗಾಗಿ 'ನೆಟ್ ಚೆನ್ನಾಗೋ ಎಫ್‌ಎಂ ಚೆನ್ನಾಗೋ' ಅನ್ನೋ ಪ್ರಶ್ನೆಗೆ ಸ್ಟೇಷನ್ ಯಾವುದು ಅಂತ ಹೇಳದೆ ಉತ್ತರ ಇಲ್ಲ.

ಕೊನೆಗೆ ನಿಮ್ಮ ಬ್ಲೂಟೂತ್. ಸ್ಟೇಷನ್ನಿನ ಹಾಡೇ ಎಂಪಿ3 ಆಗಿದ್ದರೆ ಅದು ಒಂದು ಸಲ ಹಿಂಡಿದ್ದು. ಸ್ಟ್ರೀಮ್‌ಗೆ ಮತ್ತೊಂದು ಸಲ, ಬ್ಲೂಟೂತ್‌ನಲ್ಲಿ ಮೂರನೇ ಸಲ. ಮೊದಲು ವೈರ್ ಹಾಕಿ.

ಬಫರಿಂಗ್ ಭೂತ:

ಸರ್, ಒಪ್ಪಿದೆ, ಆದರೆ ನೀವು ಹೇಳೋ ಎಫ್‌ಎಂ ಆಂಟೆನಾ ಸರಿ ಇರೋರ ಎಫ್‌ಎಂ. ಸಿಗ್ನಲ್ ಕಟ್ಟಡಗಳಿಗೆ ಬಡಿದು ಎರಡೆರಡು ದಾರಿಯಲ್ಲಿ ಬಂದರೆ 'ಸ' 'ಶ' ಎಲ್ಲ ಹರಿದುಹೋಗುತ್ತೆ. ಗಾಡಿ ಓಡುವಾಗಂತೂ ಕೇಳಲೇಬೇಡಿ. ಮತ್ತೆ ಬಿಬಿಸಿ ರೇಡಿಯೋ 3 2010ರಿಂದಲೇ 320ರಲ್ಲಿ ಎಎಸಿ ಸ್ಟ್ರೀಮ್ ಕೊಡ್ತಿದೆ. ಅದರ ಮುಂದೆ ಯಾವ ಎಫ್‌ಎಂ ನಿಲ್ಲುತ್ತೆ?

ಮಾಜಿ ಕಂಟ್ರೋಲ್ ರೂಮ್:

ನಿಲ್ಲಲ್ಲ. 320ರಲ್ಲಿ ಕೋಡೆಕ್ ಬಗ್ಗೆ ತಕರಾರು ಮಾಡೋ ಕಿವಿ ನನ್ನದಲ್ಲ. ಗಂಟೆಗೆ 144 ಎಂಬಿ ಹೋಗುತ್ತೆ ಅಷ್ಟೇ, 64ರಲ್ಲಾದರೆ 29ರ ಹತ್ತಿರ. ಆದರೆ ಡಿಜಿಟಲ್ ಅಂದ ಮಾತ್ರಕ್ಕೆ ಮೇಲು ಅನ್ನೋದಕ್ಕೆ ಅದೇ ಬ್ರಿಟನ್ ಒಳ್ಳೇ ಉತ್ತರ. ಅಲ್ಲಿನ ಹಳೇ ಡ್ಯಾಬ್, ಅಂದರೆ ಗಾಳಿಯಲ್ಲೇ ಬರೋ ಡಿಜಿಟಲ್ ರೇಡಿಯೋ, ಎಂಪಿ2 ಅನ್ನೋ ಹಳೇ ಕೋಡೆಕ್‌ನಲ್ಲಿ ಬಂತು, ಎಷ್ಟೋ ಸ್ಟೇಷನ್‌ಗಳನ್ನು 128ಕ್ಕೆ, ಕೆಲವನ್ನು ಅದಕ್ಕಿಂತ ಕೆಳಗೆ ಮೋನೋದಲ್ಲಿ ತುಂಬಿದರು. ಒಳ್ಳೇ ಟ್ಯೂನರ್ ಇದ್ದವರು ಎಫ್‌ಎಂಗೇ ಅಂಟಿಕೊಂಡಿದ್ದರು. ರಾತ್ರಿಪಾಳಿಯವರೇ, ಈ ಕಥೆ ನಿಮ್ಮ ಗೆಳೆಯರಿಗೆ ಹೇಳಿ.

ರಾತ್ರಿಪಾಳಿ ಕೇಳುಗ:

ಹೇಳಿದೆ, ಮಾತು ಬದಲಾಯಿಸಿದ 😄

ವೈರ್ ಹಾಕಿದೆ. ಆ್ಯಪ್ ಸೆಟ್ಟಿಂಗ್‌ನಲ್ಲಿ ಒಳಗೆಲ್ಲೋ 'ಹೈ' ಅಂತ ಅಡಗಿ ಕೂತಿತ್ತು, ಒತ್ತಿದರೆ 128 ಬಂತು. ಈಗ ಚಪ್ಪಾಳೆ ಚಪ್ಪಾಳೆ ಥರಾ ಇದೆ, ಒಂದೊಂದು ಕೈಯೂ ಬೇರೆ ಬೇರೆ ಗೊತ್ತಾಗುತ್ತೆ. ಎಫ್‌ಎಂ ಮೋನೋ ಮಾಡಿದರೆ ಸುಯ್ ಹೆಚ್ಚುಕಮ್ಮಿ ಮಾಯ. ಮಾತಿನ ಕಾರ್ಯಕ್ರಮಕ್ಕೆ ಹಾಗೇ ಬಿಟ್ಟಿದ್ದೇನೆ. ಆದರೆ ನೀವು ಹೇಳಿದ ಉಸಿರು ಎರಡು ಕಡೆಯೂ ಒಂದೇ ಸಮ ಜೋರಾಗಿದೆ! ಈಗ ಕಿವಿಗೆ ಅದೇ ಬೀಳುತ್ತಿದೆ, ಹಾಡು ಕೇಳೋಕೆ ಆಗ್ತಿಲ್ಲ.

ಇನ್ನೊಂದು: ಎರಡನ್ನೂ ಒಟ್ಟಿಗೆ ಹಾಕಿದರೆ ಆ್ಯಪ್ ತುಂಬಾ ಹಿಂದೆ ಇರುತ್ತದೆ. ಎಫ್‌ಎಂನಲ್ಲಿ ವಾರ್ತೆ ಶುರುವಾದರೂ ಇಲ್ಲಿ ಇನ್ನೂ ಜಾಹೀರಾತು. ಇದರಿಂದ ಗುಣಮಟ್ಟಕ್ಕೆ ಏನಾದರೂ ಏಟಾ?

ಮಾಜಿ ಕಂಟ್ರೋಲ್ ರೂಮ್:

ಇಲ್ಲ. ಸ್ಟ್ರೀಮ್ ಎಷ್ಟೋ ಕಡೆ ಕೆಲವು ಸೆಕೆಂಡುಗಳ ತುಂಡುಗಳಾಗಿ ಬರುತ್ತದೆ. ನೆಟ್ ಮಧ್ಯೆ ಕೈ ಕೊಟ್ಟರೂ ಹಾಡು ನಿಲ್ಲಬಾರದು ಅಂತ ಆ್ಯಪ್ ಕೆಲವನ್ನು ಮುಂಚೆಯೇ ಕೂಡಿಟ್ಟುಕೊಂಡು ಆಮೇಲೆ ಹಾಡುತ್ತದೆ, ತಡ ಅದರದ್ದು. ಹೋಲಿಸೋದಕ್ಕೆ ಮಾತ್ರ ತೊಂದರೆ. ಸ್ವಿಚ್ ಆಚೀಚೆ ಮಾಡಿದರೆ ಬೇರೆ ಬೇರೆ ಜಾಗ ಕೇಳಿಸುತ್ತದೆ. ಎರಡನ್ನೂ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ, ಒಂದೇ ಜಾಗಕ್ಕೆ ಸರಿಸಿ, ವಾಲ್ಯೂಮ್ ಸಮ ಮಾಡಿಕೊಂಡು ಕೇಳಿ. ವಾಲ್ಯೂಮ್ ಸಮ ಮಾಡೋದು ಬಿಡಬೇಡಿ, ಒಂಚೂರು ಜೋರಾಗಿರೋದೇ ಯಾವಾಗಲೂ ಚೆನ್ನಾಗಿದೆ ಅನಿಸುತ್ತೆ. ಉಸಿರಿನ ವಿಷಯ ಸ್ಟೇಷನ್ನಿಗೆ ಒಂದು ಮೇಲ್ ಹಾಕಿ ನೋಡಿ. ನಾನಿದ್ದಾಗ ಅಂಥ ಮೇಲ್ ಬಂದರೆ ಖುಷಿಯಾಗುತ್ತಿತ್ತು, ಅದನ್ನು ಪ್ರಿಂಟ್ ಮಾಡಿ ಮ್ಯಾನೇಜರ್ ಮೇಜಿನ ಮೇಲೆ ಇಡುತ್ತಿದ್ದೆ.