ಸಹಾಯ ಬೇಕು: ಜಪಾನೀಸ್ ಪಾಠದಲ್ಲಿ 'ಹೊರಗಿನವರು'

ನಮಸ್ಕಾರ. ಬೆಂಗಳೂರಿನಲ್ಲಿ ಸಂಜೆ ಹೊತ್ತು ಕೆಲವರಿಗೆ ಜಪಾನೀಸ್ ಹೇಳಿಕೊಡುತ್ತೇನೆ. ಒಂದು ಪದ ತುಂಬಾ ಕಾಡುತ್ತಿದೆ. 'ಗೈಕೊಕುಜಿನ್' ಅಂದರೆ ಹೊರದೇಶದ ವ್ಯಕ್ತಿ. ನಡುವಿನ 'ಕೊಕು', ಅಂದರೆ ದೇಶ, ಬಿಟ್ಟರೆ 'ಗೈಜಿನ್'. ಬರೀ ಹೊರಗಿನವನು! ಅನೇಕರಿಗೆ ಇದು ನೋಯಿಸುವ ಮಾತು. ಮರ್ಯಾದೆಗೆ 'ಗೈಕೊಕು ನೊ ಕತಾ' ಅನ್ನುವುದೂ ಇದೆ.

ನಮ್ಮ ಪುಸ್ತಕದಲ್ಲಿ ಪದವೇನೋ ಸರಿಯಾಗಿದೆ. ಆದರೆ ವಾಕ್ಯಗಳಲ್ಲಿ ಹೊರದೇಶದವರು ಯಾವಾಗಲೂ ದಾರಿ ತಪ್ಪುತ್ತಾರೆ, ಚಾಪ್‌ಸ್ಟಿಕ್ ಹಿಡಿಯಲು ಒದ್ದಾಡುತ್ತಾರೆ. ತಿಳಿಸಿಕೊಡುವವರು ಮಾತ್ರ ಜಪಾನಿನವರೇ. ಹೊರದೇಶದವರು ಮಕ್ಕಳಂತೆ ಕಾಣುತ್ತಾರೆ, ಬೇಜಾರಾಗುತ್ತದೆ.

ಜಪಾನಿನಲ್ಲಿರುವ ಕನ್ನಡಿಗರೇ, ಆಫೀಸಿನಲ್ಲಿ, ಅಕ್ಕಪಕ್ಕದಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಾರೆ? ಹೆಸರಿಗೆ ನಮ್ಮ 'ಅವರೇ' ಥರದ ಮರ್ಯಾದೆಯ 'ಸಾನ್' ಸೇರಿಸಿ ಕರೆಯುವುದೇ ಜಾಸ್ತಿ ಅಲ್ವಾ? ನೀವೇ ಯಾರಿಗಾದರೂ ದಾರಿ ತೋರಿಸಿದ, ಕೆಲಸ ಕಲಿಸಿದ ನಿಜವಾದ ಮಾತುಕತೆಯ ನಾಲ್ಕು ಸಾಲು ಕಳಿಸುತ್ತೀರಾ? ಅವನ್ನೇ ಪಾಠ ಮಾಡುತ್ತೇನೆ.