ಮಗಳಿಗೆ ಇಳಾ ಅಂತ ಇಡೋಣವಾ? ಇಲ್ಲಿ ಎಲ್ಲರೂ ಐಲಾ ಅಂತಾರೆ

ರೀಡಿಂಗ್ ಅಮ್ಮ:
ನಮಸ್ಕಾರ. ನಾವಿರೋದು ಇಂಗ್ಲೆಂಡಿನ ರೀಡಿಂಗ್ ಊರಿನಲ್ಲಿ. ಮಗಳಿಗೆ ಇಳಾ ಅಂತ ಹೆಸರು ಯೋಚಿಸಿದ್ದೇವೆ. ಹೆಸರು ಬರೆದ ಚೀಟಿ ನೋಡಿದ ಮಿಡ್‌ವೈಫ್ 'ಓ, ಐಲಾ!' ಎಂದುಬಿಟ್ಟರು. ಇಂಗ್ಲಿಷಿನಲ್ಲಿ ದೊಡ್ಡ ಐ, ಚಿಕ್ಕ ಎಲ್ ಎರಡೂ ಒಂದೇ ಗೀಟು. ಫೋನಿನಲ್ಲಿ ಟೈಪ್ ಮಾಡಿದರೆ ಎರಡು ಕಡ್ಡಿ, ಪಕ್ಕದಲ್ಲೊಂದು ಎ ಅಷ್ಟೇ ಕಾಣುತ್ತದೆ. ಹುಬ್ಬಳ್ಳಿಯಿಂದ ಅತ್ತೆ ಬೇರೆ ಹೆಸರು ಕಳಿಸುತ್ತಲೇ ಇದ್ದಾರೆ. ಜನನ ನೋಂದಣಿಯ 42 ದಿನದ ಗಡುವು ಹತ್ತಿರ ಬಂತು. ಈ ಹೆಸರು ಇಟ್ಟವರು ಇದ್ದೀರಾ? ಸ್ಪೆಲಿಂಗ್ ಹೇಗೆ ಬರೆದಿರಿ?

ಕ್ರಾಯ್ಡನ್:
ಚೆಂದದ ಹೆಸರು. ಆದರೆ ಇಲ್ಲಿ ಐಲಾಗಳು ಜಾಸ್ತಿ. 2023ರಲ್ಲಿ ಇಂಗ್ಲೆಂಡ್, ವೇಲ್ಸ್‌ನಲ್ಲಿ ಒಲಿವಿಯಾ, ಅಮೀಲಿಯಾ ಬಿಟ್ಟರೆ ಅದೇ ಮೂರನೆಯದು. ಅವರ ಸ್ಪೆಲಿಂಗಿನಲ್ಲಿ ನಡುವೆ ಎಸ್ ಇದೆ, ಓದುವಾಗ ನುಂಗುತ್ತಾರೆ. ನಿಮ್ಮದನ್ನೂ ಹಾಗೇ ಓದುತ್ತಾರೆ ಬಿಡಿ. ಶುರುವಿನಲ್ಲಿ ಎರಡು ಇ ಮಾತ್ರ ಹಾಕಬೇಡಿ. ಇಲ್ಲಿ ಈಲ್ ಅಂದರೆ ಹಾವಿನಂಥ ಮೀನು, ಶಾಲೆಯಲ್ಲಿ ಮಕ್ಕಳು ಸುಮ್ನೆ ಬಿಡುತ್ತಾರಾ?

ಮಿಲ್ಟನ್ ಕೀನ್ಸ್:
ಪುರಾಣದ ಇಳೆಯ ಕಥೆ ಗೊತ್ತಲ್ವಾ? ಒಂದು ತಿಂಗಳು ಗಂಡು, ಒಂದು ತಿಂಗಳು ಹೆಣ್ಣು. ಹಿರಿಯರನ್ನು ಒಂದು ಮಾತು ಕೇಳಿ.

ಕ್ರಾಯ್ಡನ್:
ಅದೇ ಇಳೆ ಪುರೂರವನ ತಾಯಿ. ಚಂದ್ರವಂಶ ಬೆಳೆದದ್ದೇ ಅಲ್ಲಿಂದ. ಋಗ್ವೇದದಲ್ಲಿ ಸರಸ್ವತಿಯ ಜೊತೆ ದೇವತೆಯಾಗಿ ಕರೆದಿದ್ದಾರೆ. ಇನ್ನೇನು ಬೇಕು?

ಲೆಸ್ಟರ್ ಅಂಕಲ್:
ಇದೆಲ್ಲ ಒಂದು ಸಮಸ್ಯೆನಾ? ನಮ್ಮೂರಿನ ಸ್ಪೆಲಿಂಗ್ ನೋಡಿ, ಬರೆದದ್ದು ಲೈಸೆಸ್ಟರ್, ಓದೋದು ಲೆಸ್ಟರ್. ಬಂದ ವಾರದಲ್ಲೇ ಕಲಿತೆವು. ಅವರು ಒಂದು ಳ ಕಲಿಯಲಿ! ನಮ್ಮವರೇ ಮೊದಲು ಬಗ್ಗುತ್ತಾರೆ, ಆಮೇಲೆ ಮಕ್ಕಳಿಗೆ ಕನ್ನಡ ಬರಲ್ಲ ಅಂತ ಅಳುತ್ತಾರೆ. ನನ್ನ ಮಗಳು ಅನಘಾ. ಶಾಲೆಯ ಮೊದಲ ವರ್ಷ, ರಿಸೆಪ್ಷನ್‌ನಲ್ಲಿ, ಟೀಚರ್ ಆನಾ ಅಂದರು, ನಾವು ಹಲ್ಲು ಕಿರಿದು ಸುಮ್ಮನಾದೆವು. ಈಗ ಅವಳ ಮದುವೆ ಕಾರ್ಡಿನಲ್ಲೂ ಆನಾ. ಮೊದಲು ಮನೆಯಲ್ಲಿ ಕನ್ನಡ ಮಾತಾಡಿ, ಶನಿವಾರ ಕನ್ನಡ ಕ್ಲಾಸಿಗೆ ಕಳಿಸಿ.

ಬಾತ್:
ಕೇಳಿದ ಪ್ರಶ್ನೆಗೆ ಉತ್ತರ: ಕೊನೆಯಲ್ಲಿ ಎರಡು ಎ ಹಾಕಿದರೂ ಮೊದಲ ಅಕ್ಷರದ ಗೊಂದಲ ಹೋಗಲ್ಲ. ಸಾದಾ ಮೂರಕ್ಷರವೇ ಸಾಕು, ಫಾರ್ಮುಗಳಲ್ಲಿ ಪೂರ್ತಿ ದೊಡ್ಡಕ್ಷರದಲ್ಲಿ ಬರೆಯಿರಿ. ಗಡುವಿನೊಳಗೆ ನೋಂದಣಿ ಮಾಡಿಸಿ. ಇಲ್ಲಿ ನೋಂದಣಿಯಾಗಿ 12 ತಿಂಗಳೊಳಗೆ ಮಗುವಿನ ಹೆಸರು ಬದಲಿಸಲು ಅವಕಾಶವಿದೆ. ಆದರೆ ಪಾಸ್‌ಪೋರ್ಟ್, ಓಸಿಐ (ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಮಾಡಿಸುವ ಮೊದಲೇ ತೀರ್ಮಾನಿಸಿ, ಆಮೇಲೆ ಒಂದಕ್ಷರ ಹೆಚ್ಚುಕಮ್ಮಿಯಾದರೂ ಓಡಾಟ.

ಹೌನ್ಸ್ಲೋ:
ಅಂಕಲ್ ಹೇಳಿದ್ದು ನೂರಕ್ಕೆ ನೂರು. ನನ್ನ ಮಗ ಅಜ್ಜಿಯ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಾನೆ, ಅವರು ಫೋನು ನನಗೇ ಕೊಡು ಅಂತಾರೆ. ಶನಿವಾರ ಕ್ಲಾಸ್ ಎಲ್ಲಿ?

ಮಿಲ್ಟನ್ ಕೀನ್ಸ್:
ನಮ್ಮಲ್ಲಿ ಎಲ್ಲ ಫುಟ್‌ಬಾಲಿಗೆ ಹೋಗುತ್ತಾರೆ. ಕ್ಲಾಸಿಗೆ ಬರೋದು ಟೀಚರ್ ಮಕ್ಕಳು ಮಾತ್ರ.

ಲೆಸ್ಟರ್ ಅಂಕಲ್:
ಅದನ್ನೇ ನಾನು ಹೇಳೋದು!

ರೀಡಿಂಗ್ ಅಮ್ಮ:
ಬಾತ್‌ನವರಿಗೆ ಥ್ಯಾಂಕ್ಸ್. ಆ 12 ತಿಂಗಳ ಅವಕಾಶಕ್ಕೆ ಫೀಸ್ ಇದೆಯಾ?

ಹೌನ್ಸ್ಲೋ:
ಅಂಕಲ್, ಕ್ಲಾಸಿನ ವಿಷಯ ಬೇರೆ ಪೋಸ್ಟ್ ಹಾಕಿ, ಅಲ್ಲೇ ಮಾತಾಡೋಣ.

ಲೆಸ್ಟರ್ ಅಂಕಲ್:
ಯುಗಾದಿಗೇ ಹಾಕಿದ್ದೆ. ಯಾರೂ ಉತ್ತರ ಕೊಡಲಿಲ್ಲ.