ನೋವು ಹೋದರೆ ಸಾಕಲ್ವಾ? ಸಂಧಿವಾತದ ಮಾತ್ರೆಗಳ ಬಗ್ಗೆ

ಪ್ರಶ್ನೆ: ಡಾಕ್ಟ್ರೇ, ನಮ್ಮಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಸಂಧಿವಾತ. ಬೆಳಿಗ್ಗೆ ಬೆರಳು ಮಡಚಲು ಆಗುವುದಿಲ್ಲ. ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ತಗೊಂಡರೆ ಆರಾಮಾಗಿರುತ್ತಾರೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಕೊಟ್ಟು ಮೂರು ವಾರ ಆಯಿತು, ಏನೂ ಗುಣ ಕಾಣುತ್ತಿಲ್ಲ. ಅದು ಕ್ಯಾನ್ಸರ್ ಔಷಧಿ ಅಂತ ಬೇರೆ ಹೇಳುತ್ತಾರೆ. ನೋವಿನ ಮಾತ್ರೆಯೊಂದೇ ಸಾಕಲ್ವಾ?

ಉತ್ತರ (ಕೀಲುರೋಗ ತಜ್ಞೆ): ಸಾಲದು. ದಯವಿಟ್ಟು ಮೆಥೊಟ್ರೆಕ್ಸೇಟ್ ನಿಲ್ಲಿಸಬೇಡಿ.

ಕೀಲಿನ ಒಳಗೊಂದು ತೆಳು ಪೊರೆ ಇರುತ್ತದೆ. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ಕೋಶಗಳೇ ಅಲ್ಲಿಗೆ ನುಗ್ಗಿ ಟಿಎನ್‌ಎಫ್, ಐಎಲ್-6 ಎಂಬ ಉರಿಯೂತದ ಪ್ರೋಟೀನುಗಳನ್ನು ಸುರಿಸುತ್ತವೆ. ಅದರಿಂದ ಕೆರಳಿದ ಪೊರೆಯ ಕೋಶಗಳು ಹೆಚ್ಚುತ್ತಾ ಹೋಗುತ್ತವೆ, ಪೊರೆ ದಪ್ಪವಾಗಿ ಕಳೆಯಂತೆ ಮೃದ್ವಸ್ಥಿಯ (ಮೂಳೆಯ ತುದಿಯ ನುಣುಪು ಹೊದಿಕೆಯ) ಮೇಲೆ ಹಬ್ಬುತ್ತದೆ. ಮೃದ್ವಸ್ಥಿಯನ್ನು ಕರಗಿಸುವ ಕಿಣ್ವಗಳನ್ನೂ ಈ ಕೋಶಗಳೇ ಬಿಡುತ್ತವೆ. ಪಕ್ಕದ ಮೂಳೆಯೂ ಸವೆಯುತ್ತದೆ.

ಡೈಕ್ಲೋಫೆನಾಕ್ ತಡೆಯುವುದು ಕಾಕ್ಸ್ ಎಂಬ ಕಿಣ್ವವನ್ನು. ಆಗ ಆ ಕಿಣ್ವ ತಯಾರಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಕಡಿಮೆಯಾಗಿ ನೋವು, ಊತ ಇಳಿಯುತ್ತವೆ. ಆದರೆ ಮೂಳೆ ಸವೆಯುವುದು ನಿಲ್ಲುವುದಿಲ್ಲ. ನೋವಿಲ್ಲ ಅಂತ ಸುಮ್ನೆ ಇದ್ದು, ಬೆರಳು ಸೊಟ್ಟಗಾದ ಮೇಲೆ ಬರುವವರನ್ನು ನೋಡಿದಾಗ ನನಗೆ ತುಂಬ ಸಂಕಟವಾಗುತ್ತದೆ.

ಮೆಥೊಟ್ರೆಕ್ಸೇಟ್ ಆ ರಕ್ಷಣಾ ಕೋಶಗಳ ಆರ್ಭಟವನ್ನೇ ತಗ್ಗಿಸುತ್ತದೆ. ಗುಣ ಕಾಣಲು ಸಾಮಾನ್ಯವಾಗಿ 6ರಿಂದ 12 ವಾರ ಬೇಕು. ಕ್ಯಾನ್ಸರಿಗೂ ಕೊಡುತ್ತಾರೆ ನಿಜ, ಆದರೆ ಅಲ್ಲಿನ ಡೋಸ್ ಇದಕ್ಕಿಂತ ಎಷ್ಟೋ ಜಾಸ್ತಿ.

ಪ್ರಶ್ನೆ: ಅಲ್ಲಿಯ ತನಕ ಸ್ಟಿರಾಯ್ಡ್ ಕೊಡಬಹುದಾ? ಪಕ್ಕದ ಮನೆಯವರಿಗೆ ಎರಡೇ ದಿನದಲ್ಲಿ ಗುಣವಾಯಿತಂತೆ.

ಉತ್ತರ: ಆಗಿರಬಹುದು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ವೈದ್ಯ ಫಿಲಿಪ್ ಹೆಂಚ್ 1948ರಲ್ಲಿ ಈ ಕಾಯಿಲೆಗೆ ಮೊದಲ ಸಲ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟಾಗಲೂ ರೋಗಿ ಕೆಲವೇ ದಿನಗಳಲ್ಲಿ ಓಡಾಡುವಂತಾದರು. ಸ್ಟಿರಾಯ್ಡ್ ಕೋಶದೊಳಗೆ ಹೋಗಿ ಉರಿಯೂತದ ಪ್ರೋಟೀನು ತಯಾರಿಸುವ ಜೀನ್‌ಗಳನ್ನೇ ತಣ್ಣಗಾಗಿಸುತ್ತದೆ. ಆದರೆ ತುಂಬಾ ದಿನ ತಗೊಂಡರೆ ಮೂಳೆ ಟೊಳ್ಳಾಗುತ್ತದೆ, ಶುಗರ್ ಏರುತ್ತದೆ. ಹಾಗಾಗಿ ಮೆಥೊಟ್ರೆಕ್ಸೇಟ್ ಹಿಡಿತಕ್ಕೆ ಬರುವವರೆಗೆ ಮಾತ್ರ, ಕಡಿಮೆ ಡೋಸಿನಲ್ಲಿ, ನಿಮ್ಮ ಡಾಕ್ಟರ್ ಬರೆದರೆ ಕೊಡಿ. ಪಕ್ಕದ ಮನೆಯ ಮಾತ್ರೆ ಬೇಡ. ಡೈಕ್ಲೋಫೆನಾಕ್ ಕೂಡ ಹೊಟ್ಟೆಗೆ, ಕಿಡ್ನಿಗೆ ಪೆಟ್ಟು ಕೊಡಬಲ್ಲದು, ಕೇಳದೆ ಮುಂದುವರಿಸಬೇಡಿ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ: ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ರಕ್ತಕಣಗಳು ಕುಸಿಯುತ್ತವೆ. ಸೋಮವಾರವೋ, ಮಂಗಳವಾರವೋ, ಯಾವ ದಿನ ಅಂತ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿಡಿ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಎಂಬ ವಿಟಮಿನ್ ಮಾತ್ರೆ, ರಕ್ತಪರೀಕ್ಷೆ ಎರಡನ್ನೂ ತಪ್ಪಿಸಬೇಡಿ.